ಹಿಂದಿನಿಂದ ಬರುವ ಬಸ್ಸು

ದೊಡ್ಡ ಓಟಗಳಲ್ಲಿ ಎಲ್ಲರಿಗಿಂತ ಹಿಂದೆ ಒಂದು ಬಸ್ಸು ಬರುತ್ತದೆ. ಮುಂದೆ ಓಡುವ ಪುಣ್ಯಾತ್ಮರಿಗೆ ಅಂಥದ್ದೊಂದು ಇದೆ ಅಂತಲೂ ಗೊತ್ತಿರುವುದಿಲ್ಲ. ಅದರ ಬಾಗಿಲಿನ ಸದ್ದು, ಒಳಗಿನ ಸೀಟಿನ ವಾಸನೆ ಗೊತ್ತಿರುವುದು ನನ್ನಂಥವರಿಗೆ. ಗೊತ್ತುಮಾಡಿದ ವೇಗದಲ್ಲಿ, ಅವಸರವಿಲ್ಲದೆ, ಅದು ಬರುತ್ತಲೇ ಇರುತ್ತದೆ. ಅದು ನಿಮ್ಮನ್ನು ದಾಟಿತೋ, ನಿಮ್ಮ ಓಟ ಮುಗಿಯಿತು. ಬಾಗಿಲು ತೆಗೆದು, ನೀರಿನ ಬಾಟಲಿ ಕೈಗಿಟ್ಟು, ಬಹಳ ಮರ್ಯಾದೆಯಿಂದ ಹತ್ತಿಸಿಕೊಳ್ಳುತ್ತಾರೆ. ಆ ಮರ್ಯಾದೆಯನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹೋದ ವರ್ಷ ಇಪ್ಪತ್ತೊಂದು ಕಿಲೋಮೀಟರಿನ ಓಟದಲ್ಲಿ ನಾನು ಆ ಬಸ್ಸು ಹತ್ತಿದೆ. ಹತ್ತಿದ್ದಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಇಳಿದ ಜಾಗದಲ್ಲಿ ನನ್ನ ನಾದಿನಿ ಫೋನು ಹಿಡಿದು ನಿಂತಿದ್ದಳು. ನಾನು ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಬಾಗಿಲ ಕಂಬಿ ಹಿಡಿದು ಇಳಿಯುತ್ತಿದ್ದ ಫೋಟೊ ಸಂಜೆಯೊಳಗೆ ಎಲ್ಲ ನೆಂಟರ ಮನೆ ತಲುಪಿತು. 'ನಮ್ಮತ್ತಿಗೆ ಎಷ್ಟು ಜೋರಾಗಿ ಓಡಿದ್ರು ಅಂದ್ರೆ, ಬಸ್ಸೇ ಬೇಕಾಯ್ತು' ಅಂತ ಕೆಳಗೆ ಬರೆದಿದ್ದಳು. ಮದುವೆ, ನಾಮಕರಣ ಅಂತ ಎಲ್ಲಿಗೆ ಹೋದರೂ ಯಾರಾದರೊಬ್ಬರು 'ಬಸ್ಸಲ್ಲಿ ಬಂದ್ರಾ?' ಅಂತ ಕೇಳಿ ಕಿಸಕ್ಕೆನ್ನುತ್ತಿದ್ದರು.

ಆಮೇಲೆ ಬೇರೊಂದು ಊರಿನ ಓಟದಲ್ಲಿ ಅದೇ ಇಪ್ಪತ್ತೊಂದನ್ನು ಬಸ್ಸಿಗಿಂತ ಮುಂಚೆ ಮುಗಿಸಿದೆ. ಅದರ ಫೋಟೊ ಯಾರೂ ತೆಗೆಯಲಿಲ್ಲ. ನಾನೂ ಯಾರಿಗೂ ಹೇಳಲು ಹೋಗಲಿಲ್ಲ. ನೆಟ್ಟಗೆ ಬಂದು ನಲವತ್ತೆರಡು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟೆ.

ನನ್ನ ಕೆಲಸ ಲಾಂಡ್ರಿಯಲ್ಲಿ. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟುಗಳು ಒಗೆತ ಮುಗಿದು ರಾಶಿ ಬೀಳುತ್ತವೆ. ನಾನೂ ನನ್ನ ಜೊತೆಗಾತಿಯೂ ಒಂದೊಂದು ತುದಿ ಹಿಡಿದು ಇಸ್ತ್ರಿಯ ಬಿಸಿ ರೋಲರಿಗೆ ಕೊಡಬೇಕು. ಬೆಳಗಿನಿಂದ ಸಂಜೆಯವರೆಗೆ ನಿಂತಲ್ಲೇ ನಿಲ್ಲುವ ಕೆಲಸ. ನಲವತ್ತೆಂಟು ತುಂಬಿದ ವರ್ಷ ಒಂದು ಸಂಜೆ ಗೇಟು ದಾಟಿದವಳು ಯಾಕೋ ಸ್ಟಾಪಿನಲ್ಲಿ ನಿಲ್ಲದೆ ಓಡಲು ಶುರುಮಾಡಿದೆ. ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ, ಮನೆಯಲ್ಲಿ ಒಲೆಯ ಮೇಲೆ ಏನನ್ನೂ ಬಿಟ್ಟು ಬಂದಿರಲಿಲ್ಲ. ಇಡೀ ದಿನ ನಿಂತ ಕಾಲಿಗೆ ಎಲ್ಲಿಗಾದರೂ ಹೋಗಬೇಕಿತ್ತು, ಅಷ್ಟೇ. ಮನೆ ಮುಟ್ಟಿದಾಗ ಎದೆ ಡವಡವ ಅನ್ನುತ್ತಿತ್ತು, ಮನಸ್ಸು ಎಷ್ಟೋ ವರ್ಷದಿಂದ ಇಲ್ಲದಷ್ಟು ಹಗುರಾಗಿತ್ತು. ಅಂದಿನಿಂದ ಬಿಟ್ಟಿಲ್ಲ. ಬಿಡು ಅಂದವರಿಗೆ ಸೊಪ್ಪು ಹಾಕಿಲ್ಲ. ಲಾಂಡ್ರಿಯಲ್ಲಿ ನನಗೆ 'ಎಕ್ಸ್‌ಪ್ರೆಸ್' ಅಂತ ಹೆಸರಿಟ್ಟರು. ನಾನು ಓಡುವ ವೇಗ ನೋಡಿದವರಿಗೆ ಅದು ಎಂಥ ಕುಚೋದ್ಯ ಅಂತ ಗೊತ್ತಾಗುತ್ತದೆ.

ನಮ್ಮ ಮನೆಯವರು ಸಿಟಿ ಬಸ್ಸಿನ ಡ್ರೈವರು. ಅವರಿಗೆ ಇರುವುದು ಒಂದೇ ಹೆಮ್ಮೆ, ಟೈಮು. ಬಸ್ಸು ಸ್ಟಾಪಿಗೆ ಒಂದು ನಿಮಿಷ ತಡವಾಗಿ ಹೋದರೆ ಆ ದಿನ ಅವರಿಗೆ ಊಟ ಸೇರುವುದಿಲ್ಲ. ಓಡಿಬಂದು ಬಾಗಿಲು ಬಡಿದವರಿಗೂ ನಿಲ್ಲಿಸಿದವರಲ್ಲ. ಒಮ್ಮೆ ಸ್ವಂತ ತಂಗಿಯನ್ನೇ ಸ್ಟಾಪಿನಲ್ಲಿ ಬಿಟ್ಟು ಬಂದಿದ್ದರು. ನಾದಿನಿ ಆ ಸಿಟ್ಟನ್ನು ಇವತ್ತಿಗೂ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ ಅಂತ ನನ್ನ ಗುಮಾನಿ.

ನಲವತ್ತೆರಡಕ್ಕೆ ತಯಾರಾಗುವವರು ವಾರಕ್ಕೊಂದು ದಿನ ಉದ್ದ ಓಡಬೇಕು. ನನ್ನ ಹತ್ತಿರ ದೂರ ತೋರಿಸುವ ವಾಚು ಗೀಚು ಇಲ್ಲ. ಅದರ ಬದಲು ಮನೆಯಲ್ಲೇ ಡ್ರೈವರು ಇದ್ದಾರಲ್ಲ! ಡಿಪೋದಿಂದ ಹಳೇ ಗಿರಣಿಯವರೆಗೆ ಎಷ್ಟು ದೂರ ಅಂತ ಕೇಳಿದೆ. ಹದಿನಾರು ಅಂದರು. ಹೋಗಿ ಬಂದರೆ ಮೂವತ್ತೆರಡು. ಲೆಕ್ಕ ಸಲೀಸಾಯಿತು. ಚಳಿ ಶುರುವಾದಾಗಿನಿಂದ ಪ್ರತಿ ಭಾನುವಾರ ಬೆಳಗ್ಗೆ ಅವರ ರೂಟಿನಲ್ಲಿ ಒಂದೊಂದು ಸ್ಟಾಪು ಹೆಚ್ಚು ಓಡುತ್ತ ಹೋದೆ. ಓಟಕ್ಕೆ ಎರಡು ವಾರ ಇದೆ ಅನ್ನುವಾಗ ಡಿಪೋದಿಂದ ಗಿರಣಿಗೆ ಹೋಗಿ ತಿರುಗಿ ಡಿಪೋ ಮುಟ್ಟಿದೆ. ನಾನು ಅಂದುಕೊಂಡದ್ದಕ್ಕಿಂತ ಬೇಗ ಮುಟ್ಟಿದೆ. ನನ್ನ ಕಾಲಿಗೆ ನಾನೇ ದೃಷ್ಟಿ ಹಾಕುವುದೊಂದು ಬಾಕಿ.

ಆ ಮಧ್ಯಾಹ್ನ ಊಟಕ್ಕೆ ನಾದಿನಿಯೂ ಬಂದಿದ್ದಳು. ನಾನು ಬೀಗುತ್ತ ಬಡಿಸುತ್ತಿದ್ದೆ. ಮನೆಯವರು ತುತ್ತು ಎತ್ತಿದವರು ಹಾಗೇ ನಿಲ್ಲಿಸಿದರು.

"ಫ್ಲೈಓವರ್ ಮೇಲೆ ಹೇಗೆ ಹೋದೆ? ಅಲ್ಲಿ ನಡ್ಕೊಂಡು ಹೋಗೋರನ್ನ ಬಿಡಲ್ವಲ್ಲ."

"ಕೆಳಗಿಂದ ಹೋದೆ. ನೇರ ಇದೆಯಲ್ಲ ರಸ್ತೆ."

"ಕೋರ್ಟ್ ಹತ್ರ?"

"ನೇರ ಹೋದೆ. ಯಾಕ್ರೀ?"

"ಅಲ್ಲಿ ಒನ್‌ವೇ ಕಣೇ. ಬಸ್ಸು ಎಡಕ್ಕೆ ತಿರುಗಿ, ಸ್ಟೇಡಿಯಮ್ ಸುತ್ಕೊಂಡು ಬರುತ್ತೆ. ಆಸ್ಪತ್ರೆ ಒಳಗಡೆ ಹೋಗಿ ಬಂದ್ಯಾ?"

"ಆಸ್ಪತ್ರೆ ಒಳಗೆ ನನಗೇನು ಕೆಲಸ?"

"ಬಸ್ಸಿಗೆ ಕೆಲಸ ಇದೆ." ಅವರು ತುತ್ತನ್ನು ತಟ್ಟೆಗೆ ಇಳಿಸಿದರು. "ನಾನು ಹೇಳಿದ್ದು ಬಸ್ಸು ಹೋಗೋ ದೂರ. ನೀನು ಓಡಿರೋದು ಅಷ್ಟಿಲ್ಲ. ಹೋಗಿ ಬಂದು ಇಪ್ಪತ್ಮೂರು ಆದ್ರೆ ಹೆಚ್ಚು."

ನಾದಿನಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. "ಅತ್ತಿಗೆ, ನೀವು ಬಸ್ಸಲ್ಲಿ ಹೋಗಿದ್ರೆ ಮೂವತ್ತೆರಡು ಪೂರ್ತಿ ಆಗಿರೋದು" ಅಂದಳು. ಅವಳು ನಕ್ಕದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಅವಳು ನಗದಿದ್ದರೆ ಹುಷಾರಿಲ್ಲವೇನೋ ಅಂತ ಹಣೆ ಮುಟ್ಟಿ ನೋಡುತ್ತಿದ್ದೆ. ನನ್ನ ಗಂಡ ನಗಲಿಲ್ಲ. ತಲೆ ತಗ್ಗಿಸಿ, "ಈ ಸಲ ಬಿಟ್ಬಿಡು. ಆಗಲ್ಲ ನಿನ್ನ ಕೈಲಿ" ಅಂದರು. ಆ ಮಾತು ನೇರ ಎದೆಗೆ ನಾಟಿತು. ಇಷ್ಟು ವರ್ಷ ಜೊತೆಗೆ ಬಾಳಿದ ಮನುಷ್ಯ, ಬಡಿಸಿದ್ದನ್ನು ತಿನ್ನುತ್ತಾ, ಆಗಲ್ಲ ಅಂತ ಎಷ್ಟು ಸಲೀಸಾಗಿ ಹೇಳಿಬಿಟ್ಟರು.

"ನನ್ನ ಕೈಲಿ ಓಡಲ್ಲ, ಕಾಲಲ್ಲಿ ಓಡ್ತೀನಿ" ಅಂದು ಅವರ ಮುಂದಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಮಾರನೇ ಬೆಳಗ್ಗೆ, ಹಿಂದಿನ ದಿನದ ನೋವು ಇನ್ನೂ ಕಾಲಲ್ಲಿ ಇರುವಾಗಲೇ, ಸ್ಟೇಡಿಯಮ್ ಸುತ್ತಿ, ಆಸ್ಪತ್ರೆಯ ಒಳಗೆಲ್ಲ ತಿರುಗಿ ಓಡಲು ಹೊರಟೆ. ಅದು ಶುದ್ಧ ಹುಚ್ಚುತನ. ಓಟ ಹತ್ತಿರ ಬಂದಾಗ ಕಾಲಿಗೆ ಬಿಡುವು ಕೊಡಬೇಕು ಅಂತ ಓಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಆಸ್ಪತ್ರೆಯ ಹತ್ತಿರ ಬಲ ಮೀನಖಂಡ ಹಿಡಿದುಕೊಂಡಿತು. ಕುಂಟುತ್ತ ಲಾಂಡ್ರಿ ತಲುಪುವಷ್ಟರಲ್ಲಿ ರೋಲರು ಬಿಸಿಯಾಗಿ, ಜೊತೆಗಾತಿ ಒಬ್ಬಳೇ ಎರಡೂ ತುದಿ ಹಿಡಿದು ಒದ್ದಾಡುತ್ತಿದ್ದಳು. ಮ್ಯಾನೇಜರು ಗಂಟು ಮುಖ ಹಾಕಿಕೊಂಡು ಗಡಿಯಾರದ ಕೆಳಗೆ ನಿಂತಿದ್ದ.

"ಎಕ್ಸ್‌ಪ್ರೆಸ್ಸು ಇವತ್ತು ಲೇಟು" ಅಂದ. "ಈ ವಯಸ್ಸಲ್ಲಿ ಇದೆಲ್ಲ ಬೇಕಾ ನಿಮಗೆ?"

"ಈ ವಯಸ್ಸಲ್ಲಿ ಈ ರೋಲರ್ ಮುಂದೆ ನಿಲ್ಲೋದು ಬೇಕಾ ಅಂತ ಮಾತ್ರ ಯಾರೂ ಕೇಳಲ್ಲ ನೋಡಿ" ಅಂದೆ. ಅವನು ಗಡಿಯಾರದ ಕಡೆ ಒಮ್ಮೆ ನೋಡಿ ಹೊರಟುಹೋದ. ಜೊತೆಗಾತಿ ಬೆಡ್‌ಶೀಟಿನ ಅಂಚಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆಮೇಲೆ, "ಅಕ್ಕಾ, ನಿಮ್ಮ ಕಡೆ ಸೊಟ್ಟ ಹೋಗ್ತಿದೆ. ಒಂದೇ ಕಾಲ ಮೇಲೆ ನಿಂತಿದ್ದೀರಾ?" ಅಂತ ಮೆಲ್ಲಗೆ ಕೇಳಿದಳು. ಹೌದು ಅಂದೆ. ಆ ವಾರ ಪೂರ್ತಿ ಭಾರದ ಬುಟ್ಟಿಗಳನ್ನೆಲ್ಲ ಅವಳೇ ಎಳೆದಳು. ಊರಲ್ಲಿ ನನ್ನ ಪರವಾಗಿ ಒಬ್ಬಳಾದರೂ ಇದ್ದಳು.

ಓಟಕ್ಕೆ ಮೂರು ದಿನ ಇರುವಾಗ ಮನೆಯವರು ಬೂಟು ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದರು. "ಭಾನುವಾರ ನನಗೆ ಸ್ಪೆಷಲ್ ಡ್ಯೂಟಿ. ನಿಮ್ಮ ಓಟದ ಹಿಂದಿನ ಬಸ್ಸು."

ಡಿಪೋದಲ್ಲಿ ಅಷ್ಟೊಂದು ಡ್ರೈವರುಗಳಿದ್ದಾರೆ. ಅದರಲ್ಲಿ ಆ ಕೆಲಸ ಇವರ ಪಾಲಿಗೇ ಬರಬೇಕೆ?

"ಬೇರೆ ಯಾರಿಗಾದ್ರೂ ಕೊಡಿ ಅಂತ ಹೇಳ್ಬಹುದಿತ್ತಲ್ಲ."

"ಡ್ಯೂಟಿ ಅಂದ್ಮೇಲೆ ಡ್ಯೂಟಿ."

"ಸರಿ. ಆದ್ರೆ ನಾನು ಹತ್ತಲ್ಲ. ಈಗಲೇ ಹೇಳಿದ್ದೀನಿ."

"ಹತ್ತು ಅಂತ ನಾನು ಹೇಳಿದ್ನಾ?" ಅಂತ ಅವರು ಬೂಟನ್ನು ಇನ್ನೂ ಜೋರಾಗಿ ತಿಕ್ಕಿದರು. ಭಾನುವಾರದವರೆಗೆ ನಾವಿಬ್ಬರೂ ಉಪ್ಪು, ನೀರು ಅನ್ನುವಷ್ಟೇ ಮಾತಾಡಿದೆವು.

ಓಟದ ಮೊದಲರ್ಧದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಚೆನ್ನಾಗಿ ಓಡಿದೆ. ಇಪ್ಪತ್ತಮೂರರ ಬೋರ್ಡು ದಾಟಿದೆ. ಅಲ್ಲಿಂದಾಚೆಗೆ ನನ್ನ ಕಾಲು ಯಾವತ್ತೂ ಹೋಗಿರದ ದೂರ. ಕಾಲಿಗೆ ಅದು ಯಾರು ಹೇಳಿದರೋ ಗೊತ್ತಿಲ್ಲ, ಇಪ್ಪತ್ತೈದರ ಹತ್ತಿರ ಮುಷ್ಕರ ಹೂಡಿತು. ಹೆಜ್ಜೆ ಇಟ್ಟರೆ ಮೀನಖಂಡದಲ್ಲಿ ಚುಳ್ ಅನ್ನುತ್ತಿತ್ತು. ಸ್ವಲ್ಪ ಓಡಿದೆ, ಸ್ವಲ್ಪ ನಡೆದೆ. ಆಗ ಹಿಂದಿನಿಂದ ಎಂಜಿನ್ನಿನ ಗುರುಗುರು ಕೇಳಿತು.

ನನ್ನ ಪಕ್ಕದಲ್ಲಿ ಬಿಳಿ ಟೋಪಿಯ ಹಿರಿಯರೊಬ್ಬರು ಓಡುತ್ತಿದ್ದರು. ಬೆಳಗಿನಿಂದ ನಾವಿಬ್ಬರೂ ಹಿಂದೆ ಮುಂದೆ ಆಗುತ್ತ ಬಂದಿದ್ದೆವು, ಒಂದೇ ಬಾಳೆಹಣ್ಣನ್ನು ಮುರಿದು ತಿಂದಿದ್ದೆವು. ಅವರು ಸೊಂಟ ಹಿಡಿದುಕೊಂಡು ನಿಂತರು. ನಾನು ಹತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದೆ. ಬಸ್ಸು ತನ್ನ ವೇಗದಲ್ಲಿ ಬಂದು ಅವರನ್ನು ದಾಟಿತು, ನಿಂತಿತು, ಬಾಗಿಲು ತೆರೆಯಿತು. ಓಟ ನಡೆಸುವವರ ಕಡೆಯ, ಕೊರಳಲ್ಲಿ ಸೀಟಿ ಹಾಕಿಕೊಂಡ ಹೆಂಗಸೊಬ್ಬಳು ಇಳಿದು ಅವರ ಎದೆಯ ಮೇಲಿನ ನಂಬರು ಬಿಚ್ಚಿಕೊಂಡಳು. ಅವರು ತುಟಿ ಕಚ್ಚಿಕೊಂಡು ಹತ್ತಿದರು. ನಿಯಮ ಅಂದರೆ ನಿಯಮ.

ಬಸ್ಸು ಮತ್ತೆ ಹೊರಟಿತು. ನಾನು ಹಲ್ಲು ಕಚ್ಚಿ ಓಡಿದೆ. ಸೇತುವೆಯ ಏರು ಬಂದಾಗ ಓಡಲಾಗದೆ ನಡೆದೆ. ನಡೆಯುವುದೂ ಕಷ್ಟವಾಗಿ ಪಕ್ಕದ ಕಂಬಿ ಹಿಡಿದುಕೊಂಡೆ. ಇಷ್ಟರಲ್ಲಿ ಬಸ್ಸು ನನ್ನನ್ನು ದಾಟಿರಬೇಕಿತ್ತು. ದಾಟಲಿಲ್ಲ. ನಾನು ನಿಂತು ಕಾಲು ನೀವಿಕೊಂಡೆ. ಎಂಜಿನ್ನಿನ ಸದ್ದೂ ಅಲ್ಲೇ ನಿಂತಿತು. ಎರಡು ಹೆಜ್ಜೆ ಇಟ್ಟೆ. ಅದೂ ಅಷ್ಟೇ ಮುಂದೆ ಬಂತು. ಒಳಗೆ ಸೀಟಿಯವಳು ಡ್ರೈವರಿಗೆ ಕೈ ಬೀಸಿ ಬೀಸಿ ಏನೋ ಕೂಗುತ್ತಿದ್ದಳು.

ನನ್ನ ಪಿತ್ತ ನೆತ್ತಿಗೇರಿತು. ಹುಟ್ಟಿದಾಗಿನಿಂದ ಯಾರಿಗೂ ಒಂದು ನಿಮಿಷ ಕಾಯದ ಮನುಷ್ಯ! ನಾನು ತಿರುಗಿ, ಕುಂಟುತ್ತ, ಓಟದ ದಿಕ್ಕಿಗೆ ಉಲ್ಟಾ ನಡೆದು ಹೋಗಿ ಬಸ್ಸಿನ ಬಾಗಿಲು ಬಡಿದೆ. ಬಾಗಿಲು ತೆರೆಯಿತು.

"ಯಾಕೆ ನಿಧಾನ?" ಅಂದೆ.

"ಎಂಜಿನ್ ಬಿಸಿಯಾಗಿದೆ."

"ಕಾಗೆ ಹಾರಿಸ್ಬೇಡಿ. ಯಾಕೆ ನಿಧಾನ?"

ಅವರು ಸ್ಟಿಯರಿಂಗ್ ನೋಡುತ್ತ ಕೂತರು. ಸೀಟಿಯವಳು, "ಅಮ್ಮಾ, ನಾನೂ ಅದನ್ನೇ ಕೇಳ್ತಿದ್ದೀನಿ. ನಾವು ಆಗಲೇ ತುಂಬಾ ಲೇಟು. ಇವರು ನಿಮಗೆ ಗೊತ್ತಾ?" ಅಂದಳು.

"ನನ್ನ ಗಂಡ."

ಬಸ್ಸಿನೊಳಗೆ ನಾಲ್ಕಾರು ಜನ ಸೋತವರು ಒಟ್ಟಿಗೆ ಕತ್ತೆತ್ತಿದರು.

"ಬೇರೆ ಡ್ರೈವರ್ ಆಗಿದ್ರೆ ನಿನ್ನನ್ನ ಆಗಲೇ ಬಿಟ್ಟು ಹೋಗ್ತಿದ್ದ" ಅಂದರು ಮನೆಯವರು, ತಗ್ಗಿದ ದನಿಯಲ್ಲಿ. "ಅದಕ್ಕೇ ಈ ಡ್ಯೂಟಿ ನಾನೇ ಕೇಳಿ ಹಾಕಿಸ್ಕೊಂಡೆ. ಅವತ್ತು ಆಗಲ್ಲ ಅಂದುಬಿಟ್ಟೆ. ನೀನು ಆವತ್ತಿಂದ ನನ್ನ ಮುಖ ನೋಡಿ ಮಾತಾಡಿಲ್ಲ. ಓಡು ನೀನು. ನಾನು ಹಿಂದೆ ಇರ್ತೀನಿ."

ನಿಜ ಹೇಳುತ್ತೇನೆ, ಕರಗಿಹೋದೆ. ಆ ಕ್ಷಣ ಸುಮ್ಮನೆ ತಿರುಗಿ ಓಡಿದ್ದರೆ ಕೊನೆಯವರೆಗೂ ನನ್ನ ಹಿಂದೆಯೇ ಬರುತ್ತಿದ್ದರು. ಕೊರಳಿಗೆ ಪದಕವೂ ಬೀಳುತ್ತಿತ್ತು. ಆದರೆ ಎರಡನೇ ಸೀಟಿನಲ್ಲಿ ಬಿಳಿ ಟೋಪಿಯವರು ಕೂತಿದ್ದರು. ಅವರು ನನ್ನನ್ನು ನೋಡಲಿಲ್ಲ, ಕಿಟಕಿಯ ಆಚೆ ನೋಡುತ್ತಿದ್ದರು. ಅವರಿಗೆ ಕಾಯದ ಬಸ್ಸು ನನಗೆ ಯಾಕೆ ಕಾಯಬೇಕು? ಡ್ರೈವರನ ಹೆಂಡತಿ ಅಂತಲೇ? ಹಾಗೆ ಮುಗಿಸಿದ ಓಟ ಯಾರ ಓಟ?

"ನೋಡ್ರೀ" ಅಂದೆ. "ಕಾಯೋದು ಅಂದ್ರೆ, ಆಗಲ್ಲ ನಿನ್ನ ಕೈಲಿ ಅಂತ ಇನ್ನೊಂದು ಸಲ ಹೇಳಿದ ಹಾಗೆ. ಎಲ್ಲರನ್ನೂ ಹೇಗೆ ದಾಟಿದ್ರೋ ಹಾಗೇ ನನ್ನನ್ನೂ ದಾಟಿ ಹೋಗಿ."

"ಹಾಗಾದ್ರೆ ಹತ್ತು."

"ಹತ್ತಲ್ಲ ಅಂತ ಹೇಳಿದ್ದೀನಲ್ಲ."

ಸೀಟಿಯವಳು ಅವರನ್ನೂ ನನ್ನನ್ನೂ ನೋಡಿ, "ಬಸ್ಸು ದಾಟಿದ ಮೇಲೆ ನೀವು ಓಟದಲ್ಲಿ ಇರಲ್ಲಮ್ಮ. ರಸ್ತೆ ಬಿಡ್ತಾರೆ, ಗಾಡಿಗಳು ಬರ್ತವೆ. ನಂಬರ್ ನಾನು ತಗೋಬೇಕಾಗುತ್ತೆ" ಅಂದಳು. ಪಾಪ, ಅವಳಿಗೂ ಬೇಕಿರಲಿಲ್ಲ ಈ ಪಂಚಾಯಿತಿ.

ನಾನೇ ಪಿನ್ನು ಬಿಚ್ಚಿ ಕೊಟ್ಟೆ. "ತಗೊಳ್ಳಿ. ನಂಬರ್ ನಿಮ್ಮದು. ಕಾಲು ನನ್ನವು."

ಬಾಗಿಲು ಮುಚ್ಚಿತು. ಬಸ್ಸು ಸ್ವಲ್ಪ ಹೊತ್ತು ಕದಲಲಿಲ್ಲ. ಆಮೇಲೆ ಗೇರು ಬಿದ್ದ ಸದ್ದಾಯಿತು, ನನ್ನ ಪಕ್ಕದಲ್ಲೇ ಹಾದು, ಸೇತುವೆ ಇಳಿದು, ತಿರುವಿನಲ್ಲಿ ಮರೆಯಾಯಿತು. ಹಾದುಹೋಗುವಾಗ ಅವರು ನನ್ನ ಕಡೆ ನೋಡಲಿಲ್ಲ. ನಾನೂ ಅಳಲಿಲ್ಲ. ಅಳುವುದಕ್ಕೂ ತ್ರಾಣ ಬೇಕಲ್ಲ.

ಸೀಟಿಯವಳು ಹೇಳಿದಂತೆ ರಸ್ತೆ ಬಿಟ್ಟರು. ಕಾರು, ಲಾರಿ, ಸೈಕಲ್ಲು ಎಲ್ಲ ಬಂದವು. ನಾನು ಫುಟ್‌ಪಾತಿಗೆ ಹತ್ತಿದೆ. ಕೆಂಪು ದೀಪ ಬಿದ್ದಲ್ಲಿ ಎಲ್ಲರಂತೆ ನಿಂತೆ, ಹಸಿರು ಬಿದ್ದಾಗ ಕುಂಟುತ್ತ ಓಡಿದೆ. ನಂಬರಿಲ್ಲದ ಎದೆ, ಒದ್ದೆ ಬೆನ್ನು, ಕೆದರಿದ ಕೂದಲು. ಜನರಿಗೆ ನಾನು ಓಟಗಾರ್ತಿ ಅಂತ ತಿಳಿಯುವ ಗುರುತೇ ಉಳಿದಿರಲಿಲ್ಲ. ಏನೋ ಕಳೆದುಕೊಂಡು ಹುಡುಕುತ್ತಿದ್ದಾಳೆ ಅಂದುಕೊಂಡಿರಬೇಕು. ಷಟರ್ ಎತ್ತುತ್ತಿದ್ದ ಅಂಗಡಿಯವನೊಬ್ಬ, "ಓಟ ಮುಗೀತಲ್ಲಮ್ಮ ಆಗಲೇ" ಅಂತ ಕೂಗಿದ.

"ನಿಮಗೆ ಮುಗಿದಿರಬೇಕು" ಅಂದೆ.

ಎಷ್ಟು ಹೊತ್ತಾಯಿತು ಅಂತ ನಾನು ನೋಡಲಿಲ್ಲ. ನೋಡುವ ಹಂಗು ತಪ್ಪಿತ್ತು. ಕಾಲು ಬೈಯುತ್ತಿತ್ತು, ನಾನು ತಿರುಗಿ ಬೈಯುತ್ತಿದ್ದೆ. ಮ್ಯಾನೇಜರನನ್ನು ಬೈದೆ, ನಾದಿನಿಯನ್ನು ಬೈದೆ, ಕೋರ್ಟಿನ ಮುಂದೆ ಒನ್‌ವೇ ಮಾಡಿದವನ ವಂಶವನ್ನೆಲ್ಲ ಬೈದೆ. ಬೈದಷ್ಟೂ ಹೆಜ್ಜೆ ಮುಂದೆ ಬೀಳುತ್ತಿತ್ತು.

ಮೈದಾನ ತಲುಪಿದಾಗ ಕಮಾನು ಬಿಚ್ಚಿ ಲಾರಿಗೆ ಏರಿಸುತ್ತಿದ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಗೆರೆಯನ್ನು ಮಾತ್ರ ನೆಲಕ್ಕೆ ಬಳಿದಿದ್ದರು, ಅದನ್ನು ಸುತ್ತಿ ಲಾರಿಗೆ ಹಾಕಲು ಆಗಿರಲಿಲ್ಲ. ಕುರ್ಚಿ ಹೊತ್ತವನೊಬ್ಬ ನನ್ನನ್ನು ನೋಡಿ ದಾರಿ ಬಿಟ್ಟ. ನಾನು ಗೆರೆ ದಾಟಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗ ಬಂತು ಅಳು, ಗೊಳೋ ಅಂತ. ನಲವತ್ತೆರಡು ಕಿಲೋಮೀಟರ್, ಒಂದು ಸುತ್ತೂ ಬಿಡದೆ. ಖುಷಿಗೆ ಅಳುವುದು ಅಂದರೆ ಏನು ಅಂತ ಅವತ್ತು ತಿಳಿಯಿತು.

ಮೈದಾನದ ಮೂಲೆಯಲ್ಲಿ ಬಸ್ಸು ನಿಂತಿತ್ತು, ಖಾಲಿ. ಅವರು ಅದರ ಮುಂದೆ ನಿಂತಿದ್ದರು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

"ಯಾರು?" ಅಂದೆ.

"ಡಿಪೋದವರು. ಬಸ್ಸು ಆಗಲೇ ಒಳಗಿರಬೇಕಿತ್ತು."

"ತೆಗೀರಿ ಮತ್ತೆ."

"ಬಡ್ಕೊಳ್ಳಲಿ" ಅಂದರು. ನನ್ನ ಗಂಡನ ಬಾಯಲ್ಲಿ ಆ ಮಾತು ಕೇಳುತ್ತೇನೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. "ಹತ್ತು. ಈಗಲಾದ್ರೂ ಹತ್ತಬಹುದಲ್ಲ?"

ಹತ್ತಬಹುದಿತ್ತು. ಆದರೆ ಬಸ್ಸಿನ ಮೆಟ್ಟಿಲಿಗೆ ಕಾಲು ಏಳಲಿಲ್ಲ. ಅವರು ಕೈ ಚಾಚಿದರು. ಬೇಡ ಅಂದೆ. ಮೇಲಿನ ಮೆಟ್ಟಿಲಿಗೆ ಅಂಗೈ ಊರಿ, ಮೊಣಕಾಲು ಹಾಕಿ, ಅಂಬೆಗಾಲಿಡುವ ಮಗುವಿನ ಹಾಗೆ ತೆವಳಿಕೊಂಡು ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಬಿದ್ದೆ. ಅವರು ತಮ್ಮ ಸೀಟಿಗೆ ಬಂದು ಕೂತರು. ಬಸ್ಸು ಚಾಲೂ ಮಾಡಲಿಲ್ಲ. ಬೆನ್ನು ತೋರಿಸಿಕೊಂಡೇ ಮಾತಾಡಿದರು.

"ಮುಂದಿನ ವರ್ಷ ಈ ಡ್ಯೂಟಿ ಬೇಡ ನನಗೆ. ಸೇತುವೆ ಮೇಲೆ ನಿನ್ನನ್ನ ದಾಟುವಾಗ ಏನಾಯ್ತು ಅಂತ ನಿನಗೆ ಗೊತ್ತಿಲ್ಲ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ."

"ಆಗುತ್ತೆ" ಅಂದೆ. "ನೀವೇ ಓಡಿಸ್ಬೇಕು. ಹಿಂದೆ ಬಿದ್ರೆ ದಾಟಿ ಹೋಗಲೇಬೇಕು. ಮಾತು ಕೊಡಿ."

ಫೋನು ಮತ್ತೆ ಬಡಿದುಕೊಂಡಿತು. ಚಾಲೂ ಮಾಡಲು ಅವರ ಕೈ ಹೋಯಿತು. ನಾನು ಹಿಂದಿನಿಂದ ಬಾಗಿ ಅವರ ಮಣಿಕಟ್ಟು ಹಿಡಿದೆ.

"ಮಾತು ಕೊಡೋವರೆಗೂ ಈ ಬಸ್ಸು ಹೊರಡಲ್ಲ."

ಅವರು ತೋಳಿನಿಂದ ಕಣ್ಣೊರೆಸಿಕೊಂಡರು.

"ಆಯ್ತು ಕಣೇ" ಅಂದರು. "ದಾಟ್ತೀನಿ."

ಕೈ ಬಿಟ್ಟೆ.